ಗಣಿ ಧೂಳು ಕುಡಿದವನಿಗೆ ಮರಳುಗಾಡು ಏನ್ ಮಹಾ? ಸಂಡೂರಿನ ಹಿಟಾಚಿ ಆಪರೇಟರ್ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಸಂಡೂರು ಕಡೆ ಅದಿರು ಗಣಿಲಿ 8 ವರ್ಷದಿಂದ ಹಿಟಾಚಿ ಓಡಿಸ್ತಾ ಇದೀನಿ. ಈಗ ಸೌದಿಲಿ ಪೈಪ್‌ಲೈನ್ ಕೆಲಸಕ್ಕೆ ವೀಸಾ ಬಂದಿದೆ, ಸೈಟು ರುಬ್ ಅಲ್ ಖಾಲಿ ಮರಳುಗಾಡಿನ ಒಳಗಡೆ ಅಂತೆ. ಗಣಿ ಧೂಳು ಕುಡಿದವನಿಗೆ ಮರಳು ಏನ್ ಮಹಾ ಅಂತ ಇಲ್ಲಿ ಫ್ರೆಂಡ್ಸ್ ಎಲ್ಲ ಅಂತಾರೆ. ಗಾಡಿ ಓಡಿಸೋದ್ರಲ್ಲಿ, ನೋಡ್ಕೊಳ್ಳೋದ್ರಲ್ಲಿ ನಿಜವಾಗ್ಲೂ ವ್ಯತ್ಯಾಸ ಇರುತ್ತಾ? ದಿನಾ ಸಾಯಂಕಾಲ ಏರ್ ಫಿಲ್ಟರ್ ಬಿಚ್ಚಿ ಗಾಳಿ ಹೊಡೆದ್ರೆ ಸಾಕಲ್ವಾ? ಜೂನ್‌ನಲ್ಲಿ ಹೋಗ್ಬೇಕು.

ಉತ್ತರ: ನಿಮ್ಮ ಫಿಲ್ಟರ್ ಪ್ರಶ್ನೆಗೇ ಮೊದಲು ಬರ್ತೀನಿ, ಉಳಿದಿದ್ದೆಲ್ಲ ಮರೆತ್ರೂ ಇದೊಂದು ನೆನಪಿರಲಿ ಅಂತ. ದಿನಾ ಬಿಚ್ಚಿ ಗಾಳಿ ಹೊಡೆದ್ರೆ ಸಾಕಾ ಅಂತ ಕೇಳಿದೀರಿ. ಸಾಕಾಗೋ ಮಾತು ಆಮೇಲೆ, ಅದನ್ನ ಮಾಡ್ಲೇಬೇಡಿ. ನಾನು ಭದ್ರಾವತಿಯವನು, ಐಟಿಐಲಿ ಡೀಸೆಲ್ ಮೆಕ್ಯಾನಿಕ್ ಓದಿ ಒಮಾನ್‌ಲ್ಲಿ, ಆಮೇಲೆ ಸೌದಿಲಿ ಸೇರಿ 19 ವರ್ಷ ಪ್ಲಾಂಟ್ ಮೆಕ್ಯಾನಿಕ್ ಆಗಿ ಕೆಲಸ ಮಾಡಿದೀನಿ, ಧೂಳು ತಿಂದು ಸತ್ತ ಇಂಜಿನ್‌ಗಳನ್ನ ಬಿಚ್ಚಿ ಬಿಚ್ಚಿ ಸಾಕಾಗಿದೆ. ಅವುಗಳಲ್ಲಿ ಫಿಲ್ಟರ್ ಕ್ಲೀನ್ ಮಾಡದೇ ಸತ್ತಿದ್ದು ಕಮ್ಮಿ, ಅತಿಯಾಗಿ ಕ್ಲೀನ್ ಮಾಡಿ ಸತ್ತಿದ್ದೇ ಜಾಸ್ತಿ. ನಂಬೋಕೆ ಕಷ್ಟ ಅನ್ಸುತ್ತೆ ಗೊತ್ತು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಈ ಗಣಿ ಧೂಳು, ಮರಳುಗಾಡಿನ ಧೂಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಕಡೆದು ಹೆಮಟೈಟ್, ತೂಕ ಜಾಸ್ತಿ, ಅದೇ ಗಾತ್ರದ ಮರಳಿನ ಕಣಕ್ಕಿಂತ ಹತ್ತತ್ರ ಎರಡು ಪಟ್ಟು ಭಾರ, ಅದಕ್ಕೇ ಬೇಗ ಕೆಳಗೆ ಕೂರುತ್ತೆ, ಕೆಂಪಗಿರೋದ್ರಿಂದ ಎಲ್ಲಿ ಕೂತಿದೆ ಅಂತ ಕಣ್ಣಿಗೂ ಕಾಣುತ್ತೆ, ವರ್ಷಕ್ಕೊಂದ್ಸಲ ಮಳೆ ಬಂದು ಎಲ್ಲಾನೂ ತೊಳೆದು ಕೆಸರು ಮಾಡುತ್ತೆ. ಅಲ್ಲಿರೋದು ಬಹುಪಾಲು ಕ್ವಾರ್ಟ್ಜ್, ಅಂದ್ರೆ ನಮ್ಮ ಬೆಣಚುಕಲ್ಲೇ. ಗಡಸುತನದ ಮೋಸ್ ಅಳತೆಲಿ ಅದು 7, ಹೆಮಟೈಟ್ ಐದೂವರೆಯಿಂದ ಆರೂವರೆ ಒಳಗೆ, ಸಾದಾ ಕಬ್ಬಿಣ ಇನ್ನೂ ಕೆಳಗೆ. ಅಂದ್ರೆ ಆ ಕಣ ನಿಮ್ಮ ಗಾಡಿಯ ಎಷ್ಟೋ ಪಾರ್ಟ್‌ಗಳನ್ನ ಗೀರುತ್ತೆ. ಆದ್ರೆ ಅದು ಅರ್ಧ ಕಥೆ ಮಾತ್ರ. ಮರಳುದಿಬ್ಬದ ಮರಳು ಇದೆಯಲ್ಲ, ಕಾಲಿಗೆ ಸಿಗೋ ಆ ಹಳದಿ ಮರಳು, ಅದಕ್ಕೆ ಎಲ್ಲರೂ ಹೆದರ್ತಾರೆ, ನಿಜವಾಗಿ ಇಂಜಿನ್‌ಗೆ ಅದು ಅಂಥಾ ಶತ್ರು ಅಲ್ಲ. ಆ ಕಣ ದಪ್ಪ, ಗಾಳಿ ಬಂದ್ರೆ ನೆಲದ ಹತ್ತಿರಾನೇ ಕುಪ್ಪಳಿಸ್ಕೊಂಡು ಹೋಗುತ್ತೆ, ಬಹುತೇಕ ಸೊಂಟದ ಎತ್ತರದ ಒಳಗೇ ಇರುತ್ತೆ, ಮೇಲೆ ಬಂದ್ರೂ ಫಿಲ್ಟರ್‌ಗೆ ಮುಂಚೆ ಇರೋ ಪ್ರೀ ಕ್ಲೀನರ್ ತಿರುಗಿಸಿ ಹೊರಗೆ ಬಿಸಾಕುತ್ತೆ. ಕೊಲ್ಲೋದು ಮೈದಾಹಿಟ್ಟಿನ ಥರ ಇರೋ ಸಣ್ಣ ಧೂಳು, ಲಾರಿಗಳು ಓಡಾಡಿ ಓಡಾಡಿ ಪುಡಿಯಾದ ದಾರಿಲಿ ಪಾದ ಮುಳುಗೋವಷ್ಟು ಇರುತ್ತಲ್ಲ, ಅದು. 5ರಿಂದ 20 ಮೈಕ್ರಾನ್ ಕಣಗಳು (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು). ಪಿಸ್ಟನ್ ರಿಂಗಿಗೂ, ಪಿಸ್ಟನ್ ಓಡಾಡೋ ಸಿಲಿಂಡರ್ ಒಳಗೋಡೆ ಅಂದ್ರೆ ಲೈನರಿಗೂ ಮಧ್ಯೆ ಇರೋ ಎಣ್ಣೆ ಪದರಾನೇ ಕೆಲವು ಮೈಕ್ರಾನ್, ಅದರ ಮಧ್ಯೆ ಈ ಕಣ ಸಿಕ್ಕಿಹಾಕಿಕೊಂಡ್ರೆ ಎಣ್ಣೆಕಾಗದದ ಬದಲು ಉಪ್ಪುಕಾಗದ ಇಟ್ಟಂಗೆ.

ಇಂಜಿನ್ ಎಷ್ಟು ಗಾಳಿ ಕುಡಿಯುತ್ತೆ ಅಂತ ಯಾವಾಗಾದ್ರೂ ಲೆಕ್ಕ ಹಾಕಿದೀರಾ? ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯೋಕೆ ಕಮ್ಮಿ ಅಂದ್ರೂ 10,000 ಲೀಟರ್ ಗಾಳಿ ಬೇಕು, ಡೀಸೆಲ್ ಇಂಜಿನ್ ಯಾವಾಗ್ಲೂ ಹೆಚ್ಚಿಗೆನೇ ಎಳೆಯುತ್ತೆ, ಹಾಗಾಗಿ ನಿಜಕ್ಕೂ 15,000 ದಾಟುತ್ತೆ. 20 ಟನ್ ಗಾಡಿ ಗಂಟೆಗೆ 15 ಲೀಟರ್ ಕುಡಿದ್ರೆ ಗಂಟೆಗೆ 2 ಲಕ್ಷ ಲೀಟರ್‌ಗಿಂತ ಮೇಲೆ ಆಯ್ತು ಗಾಳಿ. ಇಷ್ಟೂ ಗಾಳಿ ಒಂದು ಕಾಗದದ ಫಿಲ್ಟರ್ ಮೂಲಕಾನೇ ಹೋಗ್ಬೇಕು. ಅದರಲ್ಲಿ ಸೂಜಿಮೊನೆಯಷ್ಟು ತೂತಾದ್ರೆ ಏನಾಗುತ್ತೆ ನೀವೇ ಊಹಿಸಿ.

ಒಮಾನ್ ಒಳನಾಡಿನಲ್ಲಿ ಇದ್ದಾಗಿನ ಒಂದು ಲೋಡರ್ ಕಥೆ ಹೇಳ್ತೀನಿ. ಕಂಪನಿ ಹೆಸರು ಬೇಡ. ಹೆಲ್ಪರ್ ಹುಡುಗ ತುಂಬಾ ಶ್ರದ್ಧೆಯವನು, ದಿನಾ ಸಾಯಂಕಾಲ ತಪ್ಪದೇ ಫಿಲ್ಟರ್ ಬಿಚ್ಚಿ ಕಂಪ್ರೆಸರ್ ಪೈಪ್ ಹಿಡ್ಕೊಂಡು ಫುಲ್ ಪ್ರೆಶರ್‌ನಲ್ಲಿ ಹೊಡೀತಿದ್ದ, ಧೂಳು ಜಾಸ್ತಿ ಕಂಡ ದಿನ ಟೈರಿಗೆ ಎರಡು ಸಲ ಕುಟ್ಟಿ ಉದುರಿಸ್ತಿದ್ದ. ಫೋರ್‌ಮನ್‌ಗೂ ಅವನ ಮೇಲೆ ಅಭಿಮಾನ, ನೋಡಿ ಹೆಂಗೆ ಮಾಡ್ತಾನೆ ಅಂತ ಬೇರೆಯವರಿಗೆ ತೋರಿಸ್ತಿದ್ರು. ನಾಲ್ಕನೇ ತಿಂಗಳಿಗೆ ಗಾಡಿ ಎಣ್ಣೆ ಕುಡಿಯೋಕೆ ಶುರು ಮಾಡ್ತು, ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಬೀಡಿ ಸೇದಿದಂಗೆ ಹೊಗೆ. ಎಣ್ಣೆ ಸ್ಯಾಂಪಲ್ ಲ್ಯಾಬಿಗೆ ಕಳಿಸಿದ್ವಿ, ಸಿಲಿಕಾನ್ ಹಿಂದಿನ ರಿಪೋರ್ಟ್‌ಗಿಂತ ಆರೇಳು ಪಟ್ಟು, ಅಂದ್ರೆ ಮರಳು ಧೂಳು ಒಳಗೆ ಹೋಗಿದೆ, ಅದರ ಜೊತೆ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಏರಿದ್ವು, ಅಂದ್ರೆ ಲೈನರ್ರೂ ಪಿಸ್ಟನ್ನೂ ಸವೀತಾ ಇವೆ. ರಾತ್ರಿ ಶೆಡ್ ಲೈಟ್ ಆರಿಸಿ ಫಿಲ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಕಾಗದದ ಮಡಿಕೆ ಸಂದೀಲಿ ಅಲ್ಲಲ್ಲಿ ನಕ್ಷತ್ರ ಮಿಣುಕಿದಂಗೆ. ಆ ಹುಡುಗನ ಮುಖ ನೋಡೋಕಾಗ್ಲಿಲ್ಲ. ತಪ್ಪು ಅವನದಲ್ಲ, ಅವನಿಗೆ ಯಾರೂ ಹೇಳಿರ್ಲಿಲ್ಲ ಅಷ್ಟೇ.

ವಿಷಯ ಏನಂದ್ರೆ ಫಿಲ್ಟರ್ ಮೇಲೆ ಸ್ವಲ್ಪ ಧೂಳು ಕೂತ ಮೇಲೇನೇ ಅದು ಹೊಸದಕ್ಕಿಂತ ಚೆನ್ನಾಗಿ ಸೋಸೋದು, ಕೂತ ಧೂಳೇ ಇನ್ನೊಂದು ಜರಡಿ ಆಗುತ್ತೆ. ನೀವು ದಿನಾ ಅದನ್ನ ಕಿತ್ತಾಕಿ ಮತ್ತೆ ಸೊನ್ನೆಯಿಂದ ಶುರು ಮಾಡಿಸ್ತೀರಿ. ಮೇಲಾಗಿ ಮುಚ್ಚಳ ತೆಗೆದಾಗೆಲ್ಲ ಹೌಸಿಂಗ್ (ಫಿಲ್ಟರ್ ಕೂರೋ ಡಬ್ಬ) ಅಂಚಿನ ಧೂಳು ಒಳಗಡೆ ಕ್ಲೀನ್ ಕಡೆಗೆ ಬೀಳುತ್ತೆ. ಮರಳುಗಾಡಲ್ಲಿ ಏನನ್ನ ತೆರೆದ್ರೂ ಒಳಗೆ ಧೂಳು ಹೋಯ್ತು ಅಂತಾನೇ ಲೆಕ್ಕ, ಇದು ಫಿಲ್ಟರ್‌ಗೆ ಮಾತ್ರ ಅಲ್ಲ ಡೀಸೆಲ್ ಟ್ಯಾಂಕು, ಹೈಡ್ರಾಲಿಕ್ ಟ್ಯಾಂಕು, ಗ್ರೀಸ್ ಡಬ್ಬ ಎಲ್ಲದಕ್ಕೂ.

ಹಾಗಾದ್ರೆ ಯಾವಾಗ ಬಿಚ್ಚೋದು? ಗಾಡಿ ಹೇಳುತ್ತೆ. ಹಳೇ ಗಾಡಿಲಿ ಫಿಲ್ಟರ್ ಹೌಸಿಂಗ್ ಹತ್ರ ಒಂದು ಸಣ್ಣ ಗಾಜಿನ ಇಂಡಿಕೇಟರ್ ಇರುತ್ತೆ, ಕೆಂಪು ಬಂದ್ರೆ ಬಿಚ್ಚಿ, ಹೊಸ ಗಾಡಿಲಿ ಮಾನಿಟರ್‌ನಲ್ಲೇ ವಾರ್ನಿಂಗ್ ಬರುತ್ತೆ. ಅಲ್ಲೀವರೆಗೂ ಮುಟ್ಟೋಕೆ ಹೋಗ್ಬೇಡಿ. ಇಂಡಿಕೇಟರ್ ಕೆಲಸ ಮಾಡ್ತಿದೆಯಾ ಅಂತ ಮಾತ್ರ ಮೊದಲೇ ಖಾತ್ರಿ ಮಾಡ್ಕೊಳ್ಳಿ, ಕೆಟ್ಟು ಕೂತಿರೋ ಇಂಡಿಕೇಟರ್ ನಂಬಿ ಕೂತವರೂ ಇದಾರೆ. ಬಿಚ್ಚಿದಾಗ ಹೊಸದು ಹಾಕೋದೇ ಒಳ್ಳೇದು, ಸ್ಟೋರ್‌ನಲ್ಲಿ ಇಲ್ಲ, ಕ್ಲೀನ್ ಮಾಡ್ಲೇಬೇಕು ಅನ್ನೋ ಪರಿಸ್ಥಿತಿ ಬಂದ್ರೆ ಒಣ ಗಾಳಿ, 30 ಪಿಎಸ್ಐ ಮೀರಬಾರ್ದು, ಒಳಗಿನಿಂದ ಹೊರಗೆ, ಮಡಿಕೆ ಉದ್ದಕ್ಕೂ, ನಾಝಲ್ ಅಂಟಿಸದೇ ದೂರ ಹಿಡ್ಕೊಂಡು. ಆಮೇಲೆ ಟಾರ್ಚ್ ಬಿಟ್ಟು ನೋಡಿ, ನಕ್ಷತ್ರ ಕಂಡ್ರೆ ಕಸಕ್ಕೆ. ಒಳಗಡೆ ಇನ್ನೊಂದು ಸಣ್ಣ ಫಿಲ್ಟರ್ ಇರುತ್ತಲ್ಲ, ಸೇಫ್ಟಿ ಎಲಿಮೆಂಟ್ ಅಂತಾರೆ, ಅದನ್ನ ಯಾವತ್ತೂ ಕ್ಲೀನ್ ಮಾಡೋ ಹಾಗಿಲ್ಲ, ಬದಲಾಯಿಸೋದು ಅಷ್ಟೇ. ನೀವು ದಿನಾ ಮಾಡ್ಬೇಕಾದ್ದು ಎರಡೇ. ಹೌಸಿಂಗ್ ಕೆಳಗೆ ರಬ್ಬರ್ ಮೂತಿ ಇರುತ್ತೆ, ಬಾತುಕೋಳಿ ಕೊಕ್ಕಿನ ಥರ, ಅದನ್ನ ಒತ್ತಿ ಧೂಳು ಉದುರಿಸಿ, ರಬ್ಬರ್ ಹರಿದಿದ್ರೆ ಅವತ್ತೇ ಬದಲಾಯಿಸಿ. ಇನ್ನೊಂದು, ಫಿಲ್ಟರ್‌ನಿಂದ ಟರ್ಬೊಗೆ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಪಾರ್ಟ್) ಹೋಗೋ ರಬ್ಬರ್ ಹೋಸ್, ಅದರ ಕ್ಲಾಂಪ್‌ಗಳನ್ನ ಕೈಯಲ್ಲಿ ಅಲ್ಲಾಡಿಸಿ ನೋಡಿ. ಎಷ್ಟೇ ದುಬಾರಿ ಫಿಲ್ಟರ್ ಹಾಕಿದ್ರೂ ಅದರ ಆಚೆ ಕಡೆ ಕ್ಲಾಂಪ್ ಸಡಿಲ ಇದ್ರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟಂಗೆ.

ಈಗ ಬಿಸಿ ವಿಷಯ. ಬಳ್ಳಾರಿ ಬೇಸಿಗೆ ಕಂಡವರು ನೀವು, 42, 43 ಡಿಗ್ರಿ ನಿಮಗೆ ಹೊಸದಲ್ಲ. ಅಲ್ಲಿ ಬೇಸಿಗೆಲಿ 48, 50 ಆಗುತ್ತೆ, ಪಕ್ಕದ ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ಕ್ಕೆ 53.9 ದಾಖಲಾಗಿದೆ, ಅದೂ ನೆರಳಿನ ಅಳತೆ. ಏಳೆಂಟು ಡಿಗ್ರಿ ವ್ಯತ್ಯಾಸ ಏನ್ ಮಹಾ ಅನ್ಸುತ್ತೆ, ಆದ್ರೆ ರೇಡಿಯೇಟರ್ ಲೆಕ್ಕಾನೇ ಬೇರೆ. ರೇಡಿಯೇಟರ್ ಬಿಸಿ ಬಿಡೋದು ಕೂಲಂಟ್‌ಗೂ ಹೊರಗಿನ ಗಾಳಿಗೂ ಇರೋ ಅಂತರದ ಮೇಲೆ. ಕೂಲಂಟ್ 95 ಇದ್ದು ಹೊರಗೆ 30 ಇದ್ರೆ ಅಂತರ 65. ಹೊರಗೆ 50 ಆದ್ರೆ ಅಂತರ 45ಕ್ಕೆ ಇಳೀತು, ಅಂದ್ರೆ ಅದೇ ರೇಡಿಯೇಟರ್ ಮೂರರಲ್ಲಿ ಒಂದು ಪಾಲು ಕೆಲಸ ಕಮ್ಮಿ ಮಾಡ್ದಂಗಾಯ್ತು. ಅದರ ಮೇಲೆ ಫಿನ್ ಮಧ್ಯೆ ಧೂಳು ಕೂತ್ರೆ ಮುಗೀತು, ಮಧ್ಯಾಹ್ನ ಹನ್ನೊಂದಕ್ಕೇ ಅಲಾರ್ಮ್ ಹೊಡೆಯುತ್ತೆ, ಇಲ್ಲಾ ಗಾಡಿ ತಾನಾಗೇ ಪವರ್ ಇಳಿಸ್ಕೊಳ್ಳುತ್ತೆ, ಆಪರೇಟರ್ ಪಂಪ್ ಹೋಯ್ತು ಅಂದ್ಕೊಂಡು ಫೋರ್‌ಮನ್ ಹತ್ರ ಓಡ್ತಾನೆ.

ಏರ್ ಫಿಲ್ಟರ್‌ಗೆ ದಿನಾ ಗಾಳಿ ಬೇಡ ಅಂದೆ, ರೇಡಿಯೇಟರ್‌ಗೆ ಮಾತ್ರ ದಿನಾ ಬೇಕು. ಇಂಜಿನ್ ಆಫ್ ಮಾಡಿ, ಫ್ಯಾನ್ ಗಾಳಿ ಯಾವ ಕಡೆಯಿಂದ ಯಾವ ಕಡೆ ಹೋಗುತ್ತೋ ಅದರ ಉಲ್ಟಾ ದಿಕ್ಕಿನಿಂದ ಹೊಡೀರಿ, ನಾಝಲ್ ನೇರ ಹಿಡೀರಿ, ಓರೆ ಹಿಡಿದ್ರೆ ಫಿನ್ ಮಲಗಿಬಿಡುತ್ತೆ. ರೇಡಿಯೇಟರ್, ಆಯಿಲ್ ಕೂಲರ್, ಎಸಿ ಕಂಡೆನ್ಸರ್ ಒಂದರ ಹಿಂದೆ ಒಂದು ಇರೋ ಗಾಡಿ ಆದ್ರೆ ಮಧ್ಯದ ಸಂದೀಲಿ ಕಂಬಳಿ ಥರ ಧೂಳು ಕೂತಿರುತ್ತೆ, ಹೊರಗಿಂದ ನೋಡಿದ್ರೆ ಫಳಫಳ ಅಂತಿರುತ್ತೆ. ಕಂಡೆನ್ಸರ್ ಸರಿಸಿ ನೋಡದ ಹೊರತು ಗೊತ್ತಾಗಲ್ಲ. ಎಣ್ಣೆ ಸೋರಿ ಫಿನ್ ಮೇಲೆ ಧೂಳು ಅಂಟಿದ್ರೆ ಬರೀ ಗಾಳಿಗೆ ಬರಲ್ಲ, ಸೋಪು ನೀರು ಹಾಕಿ ತೊಳೀಬೇಕು, ಇಂಜಿನ್ ತಣ್ಣಗಾದ ಮೇಲೆ.

ಕೂಲಂಟ್ ಬಗ್ಗೆ ಒಂದು ಜಗಳ ಪ್ರತಿ ಸೈಟಲ್ಲೂ ಇರುತ್ತೆ. ಇಲ್ಲೇನ್ ಹಿಮ ಬೀಳುತ್ತಾ, ಆಂಟಿಫ್ರೀಜ್ ಯಾಕೆ, ನೀರು ಹಾಕು ಅನ್ನೋವ್ರು ಇದಾರೆ. ಅವರ ಮಾತು ಕೇಳ್ಬೇಡಿ. ಆ ಆಂಟಿಫ್ರೀಜ್, ಅಂದ್ರೆ ಗ್ಲೈಕಾಲ್, ಅರ್ಧಕ್ಕರ್ಧ ಬೆರೆಸಿದ್ರೆ ಕುದಿಯೋ ಬಿಂದು 106, 107ಕ್ಕೆ ಏರುತ್ತೆ, ರೇಡಿಯೇಟರ್ ಕ್ಯಾಪ್ ಪ್ರೆಶರ್ ಹಿಡಿದ್ರೆ ಅದರ ಮೇಲೆ ಇನ್ನೂ ಇಪ್ಪತ್ತು ಚಿಲ್ಲರೆ ಡಿಗ್ರಿ ಸಿಗುತ್ತೆ. ಕೂಲಂಟ್‌ನಲ್ಲಿರೋ ಕೆಮಿಕಲ್ ಲೈನರ್‌ಗೆ ಹೊರಗಡೆಯಿಂದ ಸಣ್ಣ ಸಣ್ಣ ಗುಳಿ ಬೀಳೋದನ್ನ ತಡೆಯುತ್ತೆ, ಅಲ್ಲಿನ ಬೋರ್ ನೀರು ಹಾಕಿದ್ರೆ ಸುಣ್ಣ ಕಟ್ಟುತ್ತೆ, ಮನೇಲಿ ನೀರು ಕಾಯಿಸೋ ಪಾತ್ರೆ ತಳ ನೋಡಿಲ್ವಾ ಹಾಗೆ. ಆ ಹತ್ತು ರೂಪಾಯಿ ರಬ್ಬರ್ ಸೀಲ್ ಇರೋ ಕ್ಯಾಪ್‌ನ ಯಾರೂ ನೋಡಲ್ಲ, ಅದು ಲೀಕ್ ಆದ್ರೆ ಕೂಲಂಟ್ ಎಷ್ಟೇ ಒಳ್ಳೇದಿದ್ರೂ ಕುದಿಯುತ್ತೆ. ಬಿಸಿ ಇರುವಾಗ ತೆಗೀಬೇಡಿ ಅಂತ ನಿಮಗೆ ಹೇಳೋದು ಬೇಡ, ಆದ್ರೂ ಹೇಳಿದೀನಿ, ಎರಡು ಮುಖ ಸುಟ್ಟಿದ್ದು ನಾನೇ ನೋಡಿದೀನಿ.

ಹೈಡ್ರಾಲಿಕ್ ಎಣ್ಣೆ ಇದಕ್ಕಿಂತ ಸೂಕ್ಷ್ಮ. 46 ನಂಬರ್ ಎಣ್ಣೆ 40 ಡಿಗ್ರಿಲಿ ಇರೋ ದಪ್ಪ 80 ಡಿಗ್ರಿ ಹೊತ್ತಿಗೆ ಕಾಲು ಭಾಗಕ್ಕೆ ಇಳಿದಿರುತ್ತೆ, ನೀರಾದ ಎಣ್ಣೆ ಪಂಪ್ ಒಳಗೇ ಹಿಂದಕ್ಕೆ ಸೋರುತ್ತೆ, ಸೋರಿದ್ರಿಂದ ಇನ್ನಷ್ಟು ಬಿಸಿ. ಅದಕ್ಕೇ ಬಿಸಿ ದೇಶದಲ್ಲಿ 68 ಹಾಕೋದು ರೂಢಿ, ಆದ್ರೆ ನಿಮ್ಮ ಗಾಡಿ ಮ್ಯಾನ್ಯುಯಲ್‌ನಲ್ಲಿ ಏನಿದೆ ನೋಡಿ ಹಾಕ್ಲಿ, ನೀವಾಗೇ ಹೇಳಿ ಬದಲಾಯಿಸೋಕೆ ಹೋಗ್ಬೇಡಿ. 82 ಡಿಗ್ರಿ ದಾಟಿದ್ರೆ ಸೀಲ್‌ಗಳು ಗಟ್ಟಿಯಾಗೋಕೆ ಶುರು, ಆಮೇಲೆ ಪ್ರತಿ 10 ಡಿಗ್ರಿಗೂ ಎಣ್ಣೆ ಹಾಳಾಗೋ ವೇಗ ಹೆಚ್ಚುಕಮ್ಮಿ ಡಬಲ್ ಆಗುತ್ತೆ. ಆಪರೇಟರ್ ಕೈಲಿರೋದು ಏನಂದ್ರೆ ಬಕೆಟ್ ಸಿಕ್ಕಿಹಾಕಿಕೊಂಡಾಗ ಲಿವರ್ ಎಳ್ಕೊಂಡೇ ಕೂರಬಾರ್ದು, ಆಗ ಅಷ್ಟೂ ಎಣ್ಣೆ ಹೆಚ್ಚಿನ ಪ್ರೆಶರ್ ಬಿಡೋ ರಿಲೀಫ್ ವಾಲ್ವ್ ಮೇಲೆ ಹೋಗಿ ಬರೀ ಬಿಸಿ ಹುಟ್ಟಿಸುತ್ತೆ. ಗಣಿಲಿ ಗಟ್ಟಿ ಅದಿರು ಕಿತ್ತು ಕಿತ್ತು ಆ ಅಭ್ಯಾಸ ಇರುತ್ತೆ, ನಿಮಗೂ ಇರಬಹುದು, ಬಿಡಿ.

ಸಿಲಿಂಡರ್ ರಾಡ್ ಇನ್ನೊಂದು. ಕೆಲಸ ಮುಗಿದ ಮೇಲೆ ಗಾಡಿ ನಿಲ್ಲಿಸುವಾಗ ರಾಡ್ ಎಷ್ಟು ಒಳಗೆ ಹೋಗುತ್ತೋ ಅಷ್ಟು ಒಳಗೆ ಮಾಡಿ ಬಕೆಟ್ ನೆಲಕ್ಕಿಡಿ. ಹೊರಗೆ ಬಿಟ್ಟ ರಾಡ್ ಮೇಲೆ ರಾತ್ರಿ ಇಬ್ಬನಿ ಬೀಳುತ್ತೆ (ಹೌದು, ಮರಳುಗಾಡಲ್ಲೂ ಇಬ್ಬನಿ ಬೀಳುತ್ತೆ, ಚಳಿಗಾಲದ ಬೆಳಗ್ಗೆ ಮಂಜಿನಲ್ಲಿ ಹತ್ತಡಿ ಮುಂದೆ ಕಾಣಲ್ಲ), ಅದಕ್ಕೆ ಧೂಳು ಅಂಟಿ ಸಿಮೆಂಟ್ ಥರ ಗಟ್ಟಿಯಾಗಿ, ಬೆಳಗ್ಗೆ ಮೊದಲನೇ ಸಲ ಎಳೆದಾಗಲೇ ರಾಡ್ ಒರೆಸೋ ವೈಪರ್ ಸೀಲ್ ಹರಿದು ಹೋಗುತ್ತೆ. ಶುರು ಮಾಡೋ ಮುಂಚೆ ಬಟ್ಟೆಲಿ ಒರೆಸಿ. ಕೆಲವರು ರಾಡ್‌ಗೆ ಗ್ರೀಸ್ ಹಚ್ಚಿಡ್ತಾರೆ, ಅದಂತೂ ಧೂಳಿಗೆ ಊಟಕ್ಕೆ ಕರೆದಂಗೆ.

ಗ್ರೀಸ್ ಅಂದ್ಕೂಡಲೇ ಜ್ಞಾಪಕ ಆಯ್ತು, ಮರಳಲ್ಲಿ ಗ್ರೀಸ್ ಹೊಡೀಬಾರ್ದು, ಮರಳು ಅಂಟುತ್ತೆ ಅಂತ ಒಂದು ಪಂಗಡ ಇದೆ. ಅರ್ಧ ನಿಜ. ಪಿನ್ನು ಬುಶ್ಶಿಗೆ ಗ್ರೀಸ್ ಹೊಡೀಲೇಬೇಕು, ಇಲ್ಲಿಗಿಂತ ಜಾಸ್ತಿ ಸಲಾನೇ ಹೊಡೀಬೇಕು, ಒಳಗಿನ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣೋವರೆಗೂ, ಯಾಕಂದ್ರೆ ಹೊರಗೆ ಬರೋ ಗ್ರೀಸೇ ಒಳಗಿನ ಮರಳನ್ನ ತಳ್ಕೊಂಡು ಬರೋದು. ಆಮೇಲೆ ಹೊರಗಡೆ ನೇತಾಡೋ ಗುಡ್ಡೆಯನ್ನ ಒರೆಸಿಹಾಕಿ. ಹೊಡೆಯೋ ಮುಂಚೆ ನಿಪ್ಪಲ್ ಮೂತಿ ಒರೆಸೋದು ಮುಖ್ಯ, ಒರೆಸದೇ ಗನ್ ಹಾಕಿದ್ರೆ ಒಂದು ಚಿಟಿಕೆ ಮರಳನ್ನ ನೀವೇ ಪ್ರೆಶರ್ ಕೊಟ್ಟು ಪಿನ್ ಒಳಗೆ ಕಳಿಸಿದಂಗೆ. ಗ್ರೀಸ್ ಡಬ್ಬದ ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋಗೋ ಹೆಲ್ಪರ್‌ಗಳಿಗೆ ಮಾತ್ರ ನಾನು ಬೈದೇ ಬೈತೀನಿ.

ಟ್ರ್ಯಾಕ್ ವಿಷಯಕ್ಕೆ ಬಂದ್ರೆ ನೀವು ಗಣಿಲಿ ಕಲ್ಲಿನ ಮೇಲೆ ಟೈಟ್ ಇಟ್ಕೊಂಡು ಓಡಿಸಿರ್ತೀರಿ. ಮರಳಲ್ಲಿ ಸ್ವಲ್ಪ ಸಡಿಲ ಬೇಕು, ಮರಳು ಸ್ಪ್ರಾಕೆಟ್ ಹಲ್ಲಿಗೂ ಬುಶ್ಶಿಗೂ ಮಧ್ಯೆ ತುಂಬ್ಕೊಂಡು ತಾನೇ ಟೈಟ್ ಮಾಡುತ್ತೆ, ಮೊದಲೇ ಟೈಟ್ ಇದ್ರೆ ಎಲ್ಲ ಸೇರಿ ಒಂದನ್ನೊಂದು ತಿಂದುಹಾಕುತ್ತೆ. ಚೈನ್ ಗಾಡಿಲಿ ರಿಪೇರಿ ಖರ್ಚಿನ ಅರ್ಧದಷ್ಟು ಅಂಡರ್‌ಕ್ಯಾರೇಜ್‌ಗೇ, ಅಂದ್ರೆ ಚೈನು, ರೋಲರ್, ಸ್ಪ್ರಾಕೆಟ್ ಇರೋ ಕೆಳಭಾಗಕ್ಕೇ ಹೋಗುತ್ತೆ ಅನ್ನೋದು ನಮ್ಮ ಫೀಲ್ಡ್‌ನಲ್ಲಿ ಹಳೇ ಲೆಕ್ಕ, ಮರಳಲ್ಲಿ ಅದಕ್ಕಿಂತ ಮೇಲೆ ಹೋದ್ರೂ ನನಗೆ ಆಶ್ಚರ್ಯ ಇಲ್ಲ. ನಿಂತಲ್ಲೇ ಗಿರಕಿ ಹೊಡೀಬೇಡಿ, ಒಂದೇ ಕಡೆ ತಿರುಗಿಸ್ಬೇಡಿ, ಪೈಪ್‌ಲೈನ್ ಕೆಲಸ ಆದ್ರಿಂದ ದಿನಾ ಮುಂದೆ ಮುಂದೆ ಹೋಗ್ತಾ ಇರುತ್ತೆ, ಐದಾರು ಕಿಲೋಮೀಟರ್ ತಾನೇ ನಡೆಸ್ಕೊಂಡು ಬಾ ಅಂತಾರೆ, ಆದಷ್ಟು ಗಾಡಿ ಹೊತ್ತೊಯ್ಯೋ ಲೋಬೆಡ್ ಟ್ರೈಲರ್ ಕೇಳಿ. ಕೊಡ್ಲಿಲ್ಲ ಅಂದ್ರೆ ಮಧ್ಯೆ ಮಧ್ಯೆ ನಿಲ್ಲಿಸಿ ಚೈನ್ ತಿರುಗಿಸೋ ಫೈನಲ್ ಡ್ರೈವ್ ಹತ್ರ ಬಿಸಿ ಎಷ್ಟಿದೆ ನೋಡ್ಕೊಂಡು ನಡೆಸಿ.

ಅಂದ ಹಾಗೆ ನಮ್ಮೂರಲ್ಲಿ ಯಾವ ಕಂಪನಿದಾದ್ರೂ ಹಿಟಾಚಿ ಅಂತೀವಲ್ಲ, ಅಲ್ಲಿ ಹಾಗೇ ಅದು ಬೊಕ್ಲೈನ್, ಲೋಡರ್ ಆದ್ರೆ ಶೇವಲ್. ಮೊದಲ ದಿನ ಬೊಕ್ಲೈನ್ ಅಂತ ಕೂಗಿದ್ರೆ ನಿಮ್ಮನ್ನೇ ಕರೀತಿರೋದು. ರುಬ್ ಅಲ್ ಖಾಲಿ ಅಂದ್ರೆ ಖಾಲಿ ಕಾಲುಭಾಗ ಅಂತ ಅರ್ಥ, ನಾವು ಡಬ್ಬ ಖಾಲಿ, ಜೇಬು ಖಾಲಿ ಅಂತೀವಲ್ಲ ಅದೇ ಖಾಲಿ. ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರ್, ಅಂದ್ರೆ ನಮ್ಮ ಕರ್ನಾಟಕದ ಮೂರು ಪಟ್ಟು ಮರಳು.

ಈ ಖಾಲಿ ಜಾಗದಲ್ಲಿ ನಿಮಗೆ ನಿಜವಾಗಿ ಹೊಸದು ಅಂದ್ರೆ ಮರಳಲ್ಲ, ಸಬ್ಖಾ. ಮರಳುದಿಬ್ಬಗಳ ಮಧ್ಯೆ ಚಪ್ಪಟೆ ಬಯಲು ಇರುತ್ತೆ, ನೋಡೋಕೆ ಕ್ರಿಕೆಟ್ ಪಿಚ್ ಥರ ಗಟ್ಟಿ, ಬಿಳಿ ಉಪ್ಪಿನ ಪದರ ಹೊಳೀತಾ ಇರುತ್ತೆ. ಮರಳಲ್ಲಿ ಒದ್ದಾಡಿ ಬಂದವನಿಗೆ ಆಹಾ ಗಟ್ಟಿ ನೆಲ ಅನ್ಸುತ್ತೆ. ಆ ಪದರದ ಕೆಳಗೆ ಉಪ್ಪುನೀರಿನ ಕೆಸರು. ನಮ್ಮ ಕಡೆ ಕೆರೆ ಅಂಗಳ ಬೇಸಿಗೆಲಿ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಎಮ್ಮೆ ಕಾಲಿಟ್ರೆ ಮೊಣಕಾಲವರೆಗೂ ಹೋಗುತ್ತಲ್ಲ, ಅದೇ ಮೋಸ ಇಲ್ಲೂ. ಚೈನ್ ಗಾಡಿ ತೂಕ ಅಗಲಕ್ಕೆ ಹಂಚಿಹೋಗುತ್ತೆ, 20 ಟನ್ ಹಿಟಾಚಿ ಆದ್ರೂ ಚದರ ಸೆಂಟಿಮೀಟರ್‌ಗೆ ಅರ್ಧ ಕೆಜಿ ಆಸುಪಾಸು, ಹಾಗಾಗಿ ಸ್ವಲ್ಪ ದೂರ ಹೋಗಿಬಿಡುತ್ತೆ, ಹೋದ ಮೇಲೆ ಕೆಲಸ ಶುರು ಮಾಡಿ ಒಂದೇ ಜಾಗದಲ್ಲಿ ಅಲ್ಲಾಡ್ತಾ ಅಲ್ಲಾಡ್ತಾ ಪದರ ಒಡೆಯುತ್ತೆ. ಟೈರ್ ಗಾಡಿ ಅಷ್ಟು ದೂರಾನೂ ಹೋಗಲ್ಲ. ಸರ್ವೇಯವರು ಗುರುತು ಹಾಕಿದ ದಾರಿ ಬಿಟ್ಟು ಒಂದು ಅಡಿ ಆಚೆ ಹೋಗ್ಬೇಡಿ, ಶಾರ್ಟ್‌ಕಟ್ ಅಂತ ಯಾರು ಹೇಳಿದ್ರೂ ಬೇಡ. ಸಬ್ಖಾದಲ್ಲಿ ಕೆಲಸ ಇದ್ರೆ ಗಾಡಿ ಕೆಳಗೆ ಹಾಸೋ ಮ್ಯಾಟ್ ಕೇಳಿ, ರಾತ್ರಿ ಅಲ್ಲಿ ಗಾಡಿ ನಿಲ್ಲಿಸ್ಲೇಬೇಡಿ. ಕೂತ್ಕೊಂಡ್ರೆ ಟ್ರ್ಯಾಕ್ ತಿರುಗಿಸಿ ಹೊರಗೆ ಬರೋಕೆ ನೋಡ್ಬೇಡಿ, ತಿರುಗಿಸಿದಷ್ಟೂ ಒಳಗೆ, ಮಾರ್ಗ ಅಂದ್ರೆ ಬೂಮ್ ಒತ್ತಿ ಒಂದೊಂದೇ ಬದಿ ಎತ್ತಿ ಕೆಳಗೆ ಮ್ಯಾಟ್ ತಳ್ಳೋದು. ಇನ್ನು ಆ ಉಪ್ಪು ಕಬ್ಬಿಣ ತಿನ್ನೋದು ಬೇರೆ, ಅಲ್ಲಿಂದ ಬಂದ ದಿನ ಸಿಹಿನೀರಲ್ಲಿ ತೊಳೀಬೇಕು, ಅದೇ ಉಪ್ಪುನೀರಲ್ಲಿ ತೊಳೆಯೋ ಪುಣ್ಯಾತ್ಮರೂ ಇದಾರೆ.

ಡೀಸೆಲ್ ಬಗ್ಗೆ ಚಿಕ್ಕದಾಗಿ. ಈಗಿನ ಇಂಜೆಕ್ಟರ್‌ಗಳಲ್ಲಿ ಪಾರ್ಟ್‌ಗಳ ಮಧ್ಯದ ಸಂದು ಎರಡು ಮೂರು ಮೈಕ್ರಾನ್, ಪ್ರೆಶರ್ 2000 ಬಾರ್ ಹತ್ರ, ಅದರಲ್ಲಿ ಧೂಳು ಹೋದ್ರೆ ನಿಮ್ಮ ಎರಡು ತಿಂಗಳ ಸಂಬಳ ಒಂದು ಇಂಜೆಕ್ಟರ್. ಡೀಸೆಲ್ ತರೋ ಬೌಸರ್ ಲಾರಿ ಬಂದಾಗ ಟ್ಯಾಂಕ್ ಮುಚ್ಚಳದ ಸುತ್ತ ಮೊದಲು ಬ್ರಶ್ ಹೊಡೆದು ಆಮೇಲೆ ತೆಗೀರಿ, ನಾಝಲ್ ಮೂತಿ ಒರೆಸಿ, ಮುಚ್ಚಳದ ಕೆಳಗಿನ ಜಾಲರಿ ಸ್ಲೋ ಆಗುತ್ತೆ ಅಂತ ಕಿತ್ತು ಬಿಸಾಕಿದ್ರೆ ಹೊಸದು ಹಾಕಿಸಿ. ಟ್ಯಾಂಕ್ ಸಾಯಂಕಾಲಾನೇ ತುಂಬಿಸಿ, ಅರ್ಧ ಖಾಲಿ ಟ್ಯಾಂಕ್‌ನಲ್ಲಿ ರಾತ್ರಿ ತಂಪಿಗೆ ಒಳಗಿನ ಗಾಳಿಲಿರೋ ತೇವ ನೀರಾಗಿ ಗೋಡೆಗೆ ಕೂರುತ್ತೆ. ಬೆಳಗ್ಗೆ ವಾಟರ್ ಸಪರೇಟರ್ ಡ್ರೈನ್ ಬಿಚ್ಚಿ ಒಂದು ಲೋಟ ಬಿಡಿ.

ಬ್ಯಾಟರಿ ಬಿಸಿಗೆ ಬೇಗ ಸಾಯುತ್ತೆ, ಇಲ್ಲಿ ಬಾಳೋ ಅರ್ಧ ಆಯಸ್ಸು ಅಂದ್ಕೊಳ್ಳಿ, ಡಿಸ್ಟಿಲ್ಡ್ ವಾಟರ್ ಕಣ್ಣಿಟ್ಟು ನೋಡ್ತಿರಿ. ಲೋಡರ್ ಕೊಟ್ರೆ ಟೈರ್ ಗಾಳಿ ಬೆಳಗ್ಗೆ ತಣ್ಣಗಿರುವಾಗ ಮಾತ್ರ ನೋಡೋದು, ಮಧ್ಯಾಹ್ನ ಜಾಸ್ತಿ ತೋರಿಸ್ತು ಅಂತ ಬಿಟ್ರೆ ಸಂಜೆಗೆ ಕಮ್ಮಿ ಗಾಳಿಲಿ ಓಡಿಸಿ ಇನ್ನೂ ಬಿಸಿ ಮಾಡ್ತೀರಿ.

ನೀವು ಜೂನ್‌ಗೆ ಹೋಗ್ತಿರೋದ್ರಿಂದ ಶಮಾಲ್ ಸಿಕ್ಕೇ ಸಿಗುತ್ತೆ, ಜೂನ್ ಜುಲೈನಲ್ಲಿ ವಾಯವ್ಯದಿಂದ ಬೀಸೋ ಗಾಳಿ, ಒಮ್ಮೊಮ್ಮೆ ದಿನಗಟ್ಟಲೆ. ದೂರದಲ್ಲಿ ಕಂದು ಗೋಡೆ ಎದ್ದು ಬರೋದು ಕಂಡ್ರೆ ಇನ್ನೆರಡು ಬಕೆಟ್ ತೆಗೀತೀನಿ ಅನ್ಬೇಡಿ. ಗುಂಡಿ ಅಂಚಿನಿಂದ ಹಿಂದೆ ಬಂದು, ರೇಡಿಯೇಟರ್ ಬದಿ ಗಾಳಿಗೆ ಎದುರಾಗದ ಹಾಗೆ ತಿರುಗಿಸಿ, ಬಕೆಟ್ ನೆಲಕ್ಕಿಟ್ಟು, ಟರ್ಬೊ ತಣ್ಣಗಾಗೋಕೆ ಮೂರರಿಂದ ಐದು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ. ಎಕ್ಸಾಸ್ಟ್ ಮೂತಿಗೆ ಡಬ್ಬ ಕವಚಿ, ಮತ್ತೆ ಸ್ಟಾರ್ಟ್ ಮಾಡೋ ಮುಂಚೆ ಅದನ್ನ ತೆಗೆಯೋಕೆ ಕೀ ಹತ್ರಾನೇ ಒಂದು ಬಟ್ಟೆ ಕಟ್ಟಿಟ್ಕೊಳ್ಳಿ, ನಗಬೇಡಿ, ಮರೆತುಹೋಗುತ್ತೆ. ಗಾಳಿ ನಿಂತ ಮೇಲೆ ಗ್ಲಾಸ್ ಧೂಳಾಗಿದೆ ಅಂತ ಒಣ ವೈಪರ್ ಹಾಕಿದ್ರೆ ಒಂದೇ ಸಲಕ್ಕೆ ಗೀರು, ಬಿಸಿಲಿಗೆ ಎದುರು ಕೂತು ಕೆಲಸ ಮಾಡುವಾಗ ಆ ಗೀರಿನಿಂದ ಏನೂ ಕಾಣಲ್ಲ. ಮೊದಲು ನೀರು ಹಾಕಿ. ಇನ್ನು ಕ್ಯಾಬಿನ್ ಬಾಗಿಲು ತೆಗೆದಿಟ್ಟು ಓಡಿಸೋ ನಮ್ಮೂರ ಅಭ್ಯಾಸ ಇಲ್ಲಿಗೇ ಬಿಟ್ಟು ಹೋಗಿ. ಆ ಎಸಿ ನಿಮ್ಮ ಸುಖಕ್ಕಷ್ಟೇ ಅಲ್ಲ, ಒಳಗೆ ಗಾಳಿ ಒತ್ತಡ ಇದ್ರೆ ಧೂಳು ನುಗ್ಗಲ್ಲ, ಆ ಸಣ್ಣ ಧೂಳು ಶ್ವಾಸಕೋಶಕ್ಕೂ ಲೈನರ್‌ಗೆ ಮಾಡಿದ್ದನ್ನೇ ಮಾಡುತ್ತೆ.

ಕೊನೇಗೆ ನಿಮ್ಮ ಮೈ. ಸೌದಿಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ, ಕಾನೂನು ಇದೆ. ನಾನು ಎಸಿ ಕ್ಯಾಬಿನ್‌ನಲ್ಲಿದೀನಿ ನನಗೇನು ಅಂದ್ಕೋಬೇಡಿ, ಗ್ರೀಸ್ ಹೊಡೆಯೋಕೆ, ಚೈನ್ ನೋಡೋಕೆ ಇಳೀತೀರಲ್ಲ, ಆಗಲೇ ಬೀಳೋದು. ಬಿಸಿಲಿಗೆ ಬಿಟ್ಟ ಸ್ಪ್ಯಾನರ್ ಬರಿಗೈಲಿ ಹಿಡಿಯೋಕಾಗಲ್ಲ, ಗ್ಲೌಸ್ ಜೇಬಲ್ಲೇ ಇರಲಿ. ಮೈ ಆ ಬಿಸಿಗೆ ಹೊಂದ್ಕೊಳ್ಳೋಕೆ ಒಂದೆರಡು ವಾರ ಬೇಕು, ಮೊದಲ ವಾರ ಹೀರೋ ಆಗೋಕೆ ಹೋಗ್ಬೇಡಿ. ಬಾಯಾರಿಕೆ ಆಗೋವರೆಗೂ ಕಾಯದೇ ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು, ಮಧ್ಯಾಹ್ನ ಊಟಕ್ಕೆ ಲಬನ್ ಸಿಗುತ್ತೆ, ನಮ್ಮ ಮಜ್ಜಿಗೇನೇ ಸ್ವಲ್ಪ ಗಟ್ಟಿಯಾಗಿ, ಅದಕ್ಕೆ ಉಪ್ಪು ಹಾಕ್ಕೊಂಡು ಕುಡೀರಿ. ಪಕ್ಕದವನು ಬೆವರೋದು ನಿಂತು ತೊದಲೋಕೆ ಶುರು ಮಾಡಿದ್ರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್, ನೆರಳಿಗೆ ಎಳೆದು ಮೈಮೇಲೆ ನೀರು ಸುರೀತಾ ಆಂಬುಲೆನ್ಸ್‌ಗೆ ಫೋನ್ ಮಾಡಿಸಿ.

ಬ್ಯಾಗಲ್ಲಿ ಏನ್ ತಗೊಂಡು ಹೋಗ್ಲಿ ಅಂತ ನೀವು ಕೇಳಿಲ್ಲ, ಆದ್ರೂ ಒಂದು ಒಳ್ಳೇ ಟಾರ್ಚು, ನಾಲ್ಕು ಹಳೇ ಬಿಳಿ ಪಂಚೆ ತುಂಡು ಇಟ್ಕೊಳ್ಳಿ. ಗಾಡಿ ಕೊಟ್ಟ ಮೊದಲ ದಿನ ಮೆಕ್ಯಾನಿಕ್‌ನ ಜೊತೆಗೆ ನಿಲ್ಲಿಸ್ಕೊಂಡು, ಫಿಲ್ಟರ್ ಆಚೆ ಟರ್ಬೊ ಕಡೆ ಹೋಗೋ ಹೋಸ್ ಬಿಚ್ಚಿಸಿ, ಒಳಗೋಡೆಗೆ ಆ ಬಿಳಿ ಬಟ್ಟೆ ಒತ್ತಿ ಎಳೀರಿ. ಬಟ್ಟೆ ಬೆಳ್ಳಗೇ ಬಂದ್ರೆ ಸರಿ. ಮಣ್ಣಿನ ಬಣ್ಣ ಬಂದ್ರೆ ಫೋಟೋ ತೆಗೆದು, ಅವರ್ ಮೀಟರ್‌ದೂ ಒಂದು ಫೋಟೋ ತೆಗೆದು ಫೋರ್‌ಮನ್‌ಗೆ ಅವತ್ತೇ ಕಳಿಸಿ, ಇಲ್ಲಾಂದ್ರೆ ಮೂರು ತಿಂಗಳಾದ ಮೇಲೆ ಆ ಇಂಜಿನ್ ನಿಮ್ಮ ಹೆಸರಿಗೇ ಬರುತ್ತೆ.